ಮೂರು ರೋಲು ನುಂಗಿದ ಮಿಂಚುಹುಳುಗಳು

ಫಿಲ್ಮಿನ ಮೇಲೆ ಕೈಯಾರೆ ಮಾಡಿದ ಐದೇ ಸೆಕೆಂಡಿನ ಅನಿಮೇಷನ್ ದೃಶ್ಯ. ಮುಂಗಾರಿಗೆ ಮೊದಲು ಮಲೆನಾಡಿನಲ್ಲಿ ಮರಕ್ಕೆ ಮರವೇ ಒಟ್ಟಾಗಿ ಮಿನುಗುತ್ತದಲ್ಲ, ಅದು. "ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಕೆಲಸ, ನಿಮಗೇಕೆ ಈ ಹುಚ್ಚು?" ಎಂದು ನಕ್ಕವರೇ ಕಳೆದ ತಿಂಗಳು "ಇನ್ನೊಮ್ಮೆ ಹಾಕಿ" ಎಂದರು.

ಉಪಾಯ ಹಳೆಯದು: ಚಿತ್ರದ ಹಿಂದಿನಿಂದ ಬೆಳಕು ಬಿಟ್ಟು ಹೊಳಪು ತರುವುದು. 1982ರ ಹಾಲಿವುಡ್ ಸಿನಿಮಾ 'ಟ್ರಾನ್'ನ ಹೊಳಪೂ ಹಿಂಬೆಳಕಿನದೇ. ನನ್ನ ಬಳಿ ಇರುವುದು ಹಳೆಯ ಎನ್‌ಲಾರ್ಜರಿನ (ಫೋಟೊ ದೊಡ್ಡದು ಮಾಡುವ ಯಂತ್ರದ) ಕಂಬಕ್ಕೆ ಬಿಗಿದ 16 ಎಂಎಂ ಬೋಲೆಕ್ಸ್ ಫಿಲ್ಮ್ ಕ್ಯಾಮೆರಾ. ಮೊದಲು ಮರದ ಚಿತ್ರವನ್ನು ಮೇಲ್ಬೆಳಕಿನಲ್ಲಿ 120 ಫ್ರೇಮು ತೆಗೆದೆ. ಫಿಲ್ಮು ಸುತ್ತುವ ಹಿಡಿಯ (ಕ್ರ್ಯಾಂಕ್) ಒಂದು ಸುತ್ತಿಗೆ 8 ಫ್ರೇಮು, ಹಾಗಾಗಿ ಫಿಲ್ಮು 15 ಸುತ್ತು ಹಿಂದಕ್ಕೆ. ಆಮೇಲೆ ಅವೇ ಫ್ರೇಮುಗಳ ಮೇಲೆ, ಸೂಜಿಯಿಂದ ಚುಚ್ಚಿದ 60 ಕಪ್ಪು ಹಾಳೆಗಳನ್ನು ಎರಡೆರಡು ಫ್ರೇಮಿನಂತೆ ಕೆಳಬೆಳಕಿನಲ್ಲಿ ತೆಗೆಯಬೇಕು.

ಮೊದಲ ರೋಲು: ಲೆನ್ಸಿಗೆ ಮುಚ್ಚಳ ಹಾಕದೆ ಹಿಂದಕ್ಕೆ ಸುತ್ತಿದ್ದೆ. ಇಡೀ ಮರ ಬೆಳ್ಳಗೆ ಕಲಸಿಹೋಯಿತು. ನೂರು ಅಡಿಯಲ್ಲಿ ಇಂಥ ಮೂವತ್ತು ದೃಶ್ಯ ಹಿಡಿಸುತ್ತವೆ, ನಿಜ. ಆದರೆ ಡೆವಲಪ್ ಆಗುವವರೆಗೆ ತಪ್ಪು ಕಾಣುವುದಿಲ್ಲ. ಒಂದೇ ತಪ್ಪನ್ನು ಇಪ್ಪತ್ತು ಸಲ ಮಾಡಿ ಕಳಿಸಿದ್ದೆ. ಎರಡನೆಯದರಲ್ಲಿ ಹಾಳೆಯ ಮೂಲಕವೇ ಬೆಳಕು ಸೋರಿತ್ತು. ನೋಡಿದವರೊಬ್ಬರು "ಮಂಜು ಚೆನ್ನಾಗಿದೆ" ಎಂದಾಗ ಒಪ್ಪಿಕೊಂಡುಬಿಡೋಣ ಎನಿಸಿತ್ತು. ಹಾಳೆಯ ಹಿಂದೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ ಮೇಲೆ ಸೋರಿಕೆ ನಿಂತಿತು.

ಮೂರನೆಯದನ್ನು ಕೆಡಿಸಿದ್ದು ವೋಲ್ಟೇಜು. ಸಂಜೆ ಏಳಕ್ಕೆ ಬೀದಿಯವರೆಲ್ಲ ದೀಪ ಹಾಕಿದರೆ ನನ್ನ ಹ್ಯಾಲೊಜೆನ್ ಮಂಕಾಗಿ ಕೆಂಪೇರುತ್ತಿತ್ತು. ಪರದೆಯ ಮೇಲೆ ಮಿಂಚುಹುಳುಗಳಲ್ಲ, ತಂತಿ ಸಡಿಲವಾದ ಸೀರಿಯಲ್ ಸೆಟ್! ಅಗ್ಗದ ಎಲ್ಇಡಿ ಹಾಕಿ ನೋಡಿದೆ, ಅದು ಇನ್ನೂ ಮಿಟುಕಿತು. ಕೊನೆಗೆ ಸ್ಟೆಬಿಲೈಸರ್ ತಂದೆ, ಕೆಲಸವನ್ನು ರಾತ್ರಿ ಹನ್ನೊಂದರ ನಂತರಕ್ಕೆ ಇಟ್ಟುಕೊಂಡೆ.

ರೋಲು, ತೊಳೆಯುವುದು, ಸ್ಕ್ಯಾನು ಸೇರಿ ಪ್ರತಿ ಸಲ ಹನ್ನೊಂದು ಸಾವಿರದ ಆಸುಪಾಸು. ಹೊಸ ಫ್ರಿಜ್ಜಿನ ದುಡ್ಡು ಅದು; ಮನೆಯಲ್ಲಿ ಇನ್ನೂ ಹಳೆಯದೇ ಗುರುಗುಟ್ಟುತ್ತಿದೆ. ಬುದ್ಧಿ ತಡವಾಗಿ ಬಂತು: ಕತ್ತಲಲ್ಲಿ ಐದಾರು ಅಡಿ ಕತ್ತರಿಸಿ ಮನೆಯಲ್ಲೇ ಕಪ್ಪು-ಬಿಳುಪು ಡೆವಲಪರಿನಲ್ಲಿ ತೊಳೆದರೆ ಬಣ್ಣ ಬಾರದಿದ್ದರೂ ಸೋರಿಕೆ, ಮಿಟುಕು ಎರಡೂ ಕಾಣುತ್ತವೆ.

ನಾಲ್ಕನೆಯದು ಗೆದ್ದಿತು. ಕೆಳಗಿನ ನನ್ನ ದೀಪಕ್ಕೆ ಲೆನ್ಸನ್ನು ಮೇಲ್ಬೆಳಕಿಗಿಂತ ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು ಬೆಳಕು) ಹೆಚ್ಚು ತೆರೆದದ್ದು ಸರಿಹೋಯಿತು. ಬೆಳಕಿಗೆ ಬಣ್ಣ ಕೊಡುವ ಜೆಲ್ ಹಾಳೆ ಶಾಖಕ್ಕೆ ಸುರುಟದಂತೆ ದೀಪವನ್ನು, ಬೆಳಕು ಹರಡುವ ಹಾಲುಬಣ್ಣದ ಅಕ್ರಿಲಿಕ್ ಹಲಗೆಯಿಂದ ಒಂದು ಗೇಣು ಕೆಳಗಿಡಿ. ಹಿಂದಕ್ಕೆ ಸುತ್ತಿದ ಫಿಲ್ಮು ಕೂದಲೆಳೆಯಷ್ಟು ಆಚೀಚೆ ಕೂತರೂ ಹುಳುವಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಹಣತೆಯ ಜ್ವಾಲೆಯಾಗಿದ್ದರೆ ಸಿಕ್ಕಿಬೀಳುತ್ತಿದ್ದೆ. ಹೊಳಪಿನ ಅಂಚು ಮೆತ್ತಗಾಗಲು ಲೆನ್ಸಿಗೆ ಕಟ್ಟಿದ ಬಟ್ಟೆ ಯಾವುದು ಎಂದು ಮಾತ್ರ ಕೇಳಬೇಡಿ.

ಇದರ ನಡುವೆ ಕೆರೆಯ ನೀರಿಗೆಂದು ಬಚ್ಚಲುಮನೆಯ ಕಿಟಕಿಯ ಅಲೆಗಾಜನ್ನು ಬಿಚ್ಚಿ ಚಿತ್ರದ ಮೇಲೆ ಸರಿಸಿ ನೋಡಿದೆ. ಫ್ರೇಮಿಗೆ 2 ಮಿಲಿಮೀಟರ್ ಸರಿಸಿದರೆ ತೆರೆ, 5 ಸರಿಸಿದರೆ ಭೂಕಂಪ. ಗಾಜು ಇನ್ನೂ ಕಿಟಕಿಗೆ ಮರಳಿಲ್ಲ. ಅಲ್ಲಿ ಸದ್ಯಕ್ಕೆ ರಟ್ಟು ಇದೆ.