ಹಾರ್ಲೆಕ್ವಿನ್ ಸಿಗಡಿಯ ಊಟ: ಮೊದಲು ನಕ್ಷತ್ರ ಮೀನು, ಆಮೇಲೆ ಸಿಗಡಿ

ಬಿಳಿ ಮೈಮೇಲೆ ನೀಲಿ ಅಂಚಿನ ದೊಡ್ಡ ಮಚ್ಚೆಗಳು, ತಟ್ಟೆಯಂತೆ ಚಪ್ಪಟೆಯಾದ ಇಕ್ಕಳಗಳು. ಉಪ್ಪುನೀರಿನ ಅಕ್ವೇರಿಯಂ ಅಂಗಡಿಯಲ್ಲಿ ಹಾರ್ಲೆಕ್ವಿನ್ ಸಿಗಡಿ ಕಣ್ಣಿಗೆ ಬಿದ್ದರೆ ಕೊಳ್ಳದೆ ಬರುವುದು ಕಷ್ಟ. ಆದರೂ ಬರಿಗೈಯಲ್ಲೇ ಬನ್ನಿ. ಹೈಮೆನೋಸೆರಾ ಪಿಕ್ಟಾ ಎಂಬ ಈ ಜೀವಿಗೆ ನಕ್ಷತ್ರ ಮೀನೇ ಆಹಾರ. ಪೆಲೆಟ್, ಮೈಸಿಸ್, ಕ್ರಿಲ್ ಮೊದಲಾದ ಅಕ್ವೇರಿಯಂ ತಿನಿಸು ಹಾಕಿದರೆ ತಿರುಗಿಯೂ ನೋಡುವುದಿಲ್ಲ. ‘ಹಸಿದರೆ ತಾನೇ ತಿನ್ನುತ್ತೆ’ ಎಂದು ಮಾರುವವರು ಹೇಳಿದರೆ ನಂಬಬೇಡಿ, ಅದು ಹಸಿದೇ ಸಾಯುತ್ತದೆ.

ಮೊದಲು ಲೆಕ್ಕ ಹಾಕಿ. ಚಾಕೊಲೇಟ್ ಚಿಪ್ ಎಂಬ ಜಾತಿಯ ಅಂಗೈಯಗಲದ ನಕ್ಷತ್ರ ಮೀನಿನ ಒಂದು ತೋಳು ಒಂದು ಜೋಡಿ ಸಿಗಡಿಗೆ ಏಳರಿಂದ ಹತ್ತು ದಿನಕ್ಕೆ ಸಾಕು. ಹಾಗಾದರೆ ವರ್ಷಕ್ಕೆ 36ರಿಂದ 52 ತೋಳು ಬೇಕು. ಒಂದು ಮೀನಿಗೆ ಐದೇ ತೋಳು, ಆದ್ದರಿಂದ 8ರಿಂದ 11 ಮೀನು. ಒಂಟಿ ಸಿಗಡಿಗೆ ಸುಮಾರು ಅದರ ಅರ್ಧ. ಕತ್ತರಿಸಿದ ತೋಳು ಮತ್ತೆ ಬೆಳೆಯುವುದು ನಿಜ, ಆದರೆ ತಿನ್ನಿಸುವಷ್ಟು ದೊಡ್ಡದಾಗಲು ತಿಂಗಳುಗಳೇ ಹಿಡಿಯುತ್ತವೆ. ‘ಒಂದು ನಕ್ಷತ್ರ ಮೀನು ಸಾಕಿದರೆ ಸಿಗಡಿಗೆ ಜೀವನಪೂರ್ತಿ ಊಟ’ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಇಷ್ಟು ಮೀನು ವರ್ಷವಿಡೀ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ ಖಚಿತ ಮಾಡಿಕೊಂಡ ಮೇಲಷ್ಟೇ ಸಿಗಡಿ ತನ್ನಿ.

ನಕ್ಷತ್ರ ಮೀನನ್ನು ಸಾಕುವುದು

ಚಾಕೊಲೇಟ್ ಚಿಪ್ ಜಾತಿ ಹವಳ, ಸ್ಪಂಜುಗಳನ್ನು ತಿನ್ನುವುದರಿಂದ ಮುಖ್ಯ ತೊಟ್ಟಿಗೆ ಬಿಡಬೇಡಿ. ಅದಕ್ಕೆ ಜೋಡಿಸಿದ ನೀರು ಸೋಸುವ ತೊಟ್ಟಿಯಾದ ಸಂಪ್‌ನಲ್ಲೋ ಬೇರೆ ತೊಟ್ಟಿಯಲ್ಲೋ ಇಡಿ. ಉಷ್ಣತೆ 24ರಿಂದ 26 ಡಿಗ್ರಿ, ಉಪ್ಪಿನಂಶ ತೋರುವ ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು. ಉಪ್ಪಿನಂಶದ ಏರಿಳಿತವನ್ನು ಇವುಗಳ ಮೈ ಸರಿದೂಗಿಸಿಕೊಳ್ಳಲಾರದು. ಹಾಗಾಗಿ ತಂದ ದಿನ ಚೀಲದ ನೀರಿಗೆ ತೊಟ್ಟಿಯ ನೀರನ್ನು ಏರ್ ಪೈಪಿನಲ್ಲಿ ಹನಿಹನಿಯಾಗಿ ಒಂದರಿಂದ ಎರಡು ಗಂಟೆ ಬಿಡಿ. ನೀರಿನಿಂದ ಹೊರಗೆ ಎತ್ತಬೇಡಿ, ಡಬ್ಬಿಯಲ್ಲಿ ನೀರಿನ ಸಮೇತ ಸಾಗಿಸಿ. ವಾರಕ್ಕೆ ಎರಡು ಸಲ ಬೆರಳುಗುರಿನಷ್ಟು ಮರುವಾಯಿ (ಚಿಪ್ಪುಜೀವಿ) ಅಥವಾ ಸಿಗಡಿ ಮಾಂಸವನ್ನು ಅದರ ಹೊಟ್ಟೆಯಡಿಗೆ ತಳ್ಳಿದರೆ ಸಾಕು.

ಕತ್ತರಿಸುವಾಗ ತೊಟ್ಟಿಯದೇ ನೀರು ತುಂಬಿದ ಟಬ್ಬಿನಲ್ಲಿ ಮೀನನ್ನು ಇಡಿ. ಹರಿತವಾದ, ತುಕ್ಕಿಲ್ಲದ ಕತ್ತರಿಯಿಂದ ತೋಳಿನ ತುದಿಯಿಂದ ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನು ಒಂದೇ ಏಟಿಗೆ ಕತ್ತರಿಸಿ. ನಡುವಿನ ದೇಹದ ಹತ್ತಿರ ಹೋದರೆ ಗಾಯ ಮುಚ್ಚದೆ ಮೀನೇ ಕರಗಬಹುದು. ಗಾಯ ಪೂರ್ತಿ ಮುಚ್ಚಿ, ಮೀನು ಮೊದಲಿನಂತೆ ಓಡಾಡಿ ತಿನ್ನುವವರೆಗೆ ಅದಕ್ಕೆ ಮತ್ತೆ ಕತ್ತರಿ ಹಾಕಬೇಡಿ. ಗಾಯದ ಸುತ್ತ ಬೆಳ್ಳಗಾಗಿ ಲೋಳೆ ಕಟ್ಟಿದರೆ ಕೊಳೆಯತೊಡಗಿದೆ ಎಂದರ್ಥ, ಆ ಮೀನನ್ನು ತಕ್ಷಣ ಬೇರ್ಪಡಿಸಿ.

ಇದಕ್ಕಿಂತ ಸುಲಭದ ದಾರಿ ಫ್ರೀಜರ್. ತೋಳುಗಳನ್ನು ಬಿಡಿಬಿಡಿಯಾಗಿ ಜಿಪ್ ಚೀಲದಲ್ಲಿ ಹಾಕಿ, ತಾರೀಖು ಬರೆದಿಡಿ. ಬಹುತೇಕ ಸಿಗಡಿಗಳು ಫ್ರೀಜರಿನ ತೋಳನ್ನೂ ಒಪ್ಪುತ್ತವೆ. ತಿಂಗಳುಗಟ್ಟಲೆ ಒಂದು ಪ್ರಾಣಿಯನ್ನು ತುಂಡುತುಂಡಾಗಿ ಕತ್ತರಿಸುವುದಕ್ಕಿಂತ ಇದೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಅಲಂಕಾರಕ್ಕೆಂದು ಮಾರುವ ಒಣ ನಕ್ಷತ್ರ ಮೀನು ಬೇಡವೇ ಬೇಡ, ಅದಕ್ಕೆ ಫಾರ್ಮಲಿನ್ ಹಾಕಿರುವ ಸಾಧ್ಯತೆ ಹೆಚ್ಚು. ಮಲ್ಪೆಯಲ್ಲೋ ಕಾರವಾರದಲ್ಲೋ ಅಲೆಗೆ ಸಿಕ್ಕಿ ದಡದಲ್ಲಿ ಬಿದ್ದದ್ದೂ ಬೇಡ. ಅದು ಸತ್ತು ಎಷ್ಟು ಹೊತ್ತಾಯಿತೋ ಯಾರಿಗೆ ಗೊತ್ತು.

ತಿನ್ನಿಸುವುದು

ಫ್ರೀಜರಿನ ತೋಳನ್ನು ಒಂದು ಲೋಟ ತೊಟ್ಟಿಯ ನೀರಿನಲ್ಲಿ 15 ನಿಮಿಷ ಕರಗಿಸಿ, ಆ ನೀರನ್ನು ಚೆಲ್ಲಿಬಿಡಿ. ದೀಪ ಆರಿದ ಮೇಲೆ ಉದ್ದ ಚಿಮಟದಲ್ಲಿ ಹಿಡಿದು ಸಿಗಡಿ ಅಡಗುವ ಬಂಡೆಯ ಸಂದಿನ ಬಾಯಲ್ಲಿ, ನೀರಿನ ಸೆಳೆತ ಕಡಿಮೆ ಇರುವೆಡೆ ಇಡಿ. ಸಣ್ಣ ಕೊಳವೆಗಾಲುಗಳಿರುವ ಅಡಿಭಾಗ ಮೇಲೆ ಬರಲಿ, ಸಿಗಡಿ ಮೊದಲು ಬಾಯಿ ಹಾಕುವುದು ಅಲ್ಲಿಗೇ. ಅದರ ಚುರುಕು ನೋಡಬೇಕು: ವಾಸನೆ ಸಿಕ್ಕಿದೊಡನೆ ಮೀಸೆ ಪಟಪಟ ಅಲುಗುತ್ತದೆ, ದೊಡ್ಡ ಇಕ್ಕಳಗಳು ತೋಳನ್ನು ಒತ್ತಿ ಹಿಡಿಯುತ್ತವೆ, ಅವುಗಳ ಮುಂದಿರುವ ಸಣ್ಣ ಕಾಲುಗಳು ಕೊಳವೆಗಾಲುಗಳನ್ನು ಒಂದೊಂದಾಗಿ ಚಿವುಟಿ ಬಾಯಿಗೆ ಹಾಕುತ್ತವೆ. ಜೀವಂತ ಮೀನಾದರೆ ಜೋಡಿ ಸಿಗಡಿಗಳು ಸೇರಿ ಅದನ್ನು ಬಂಡೆಯಿಂದ ಕಿತ್ತು ಮಗುಚಿ ಹಾಕಿ ತೋಳಿನ ತುದಿಯಿಂದ ಶುರು ಮಾಡುತ್ತವೆ.

ಇಡೀ ಜೀವಂತ ಮೀನನ್ನೇ ಬಿಡುವವರೂ ಇದ್ದಾರೆ. ದೊಡ್ಡ ತೊಟ್ಟಿಯಲ್ಲಿ ನಡೆದೀತು. 40 ಲೀಟರಿನದರಲ್ಲಿ ಅರ್ಧ ತಿಂದ ಮೀನು ಸತ್ತು ಕೊಳೆತರೆ ಒಂದೇ ರಾತ್ರಿಯಲ್ಲಿ ಅಮೋನಿಯಾ ಏರಿ ಸಿಗಡಿಯೂ ಹೋಗುತ್ತದೆ. ಫ್ರೀಜರಿನ ತೋಳನ್ನು ಎರಡು ದಿನಕ್ಕಿಂತ, ಹಸಿ ತೋಳನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಿಡಬೇಡಿ. ಬಿಳಿ ಲೋಳೆ ಬಿಟ್ಟರೆ ಲೆಕ್ಕ ನೋಡದೆ ಪೈಪಿನಲ್ಲಿ ಎಳೆದು ಹಾಕಿ, 10 ಶೇಕಡಾ ನೀರು ಬದಲಿಸಿ.

ತೋಳು ಇಟ್ಟ ಸ್ವಲ್ಪ ಹೊತ್ತಿಗೇ ಮಾಯವಾದರೆ ಕಳ್ಳರು ಹರ್ಮಿಟ್ ಏಡಿ ಅಥವಾ ನಸೇರಿಯಸ್ ಬಸವನಹುಳು. ಇವನ್ನು ತೆಗೆದುಹಾಕುವುದೇ ದಾರಿ. ಸಿಗಡಿಯೇ ಬರದಿದ್ದರೆ ಗಾಬರಿ ಬೇಡ, ಪೊರೆ ಬಿಡುವ ಆಚೀಚೆ ಒಂದೆರಡು ದಿನ ಅದು ತಿನ್ನುವುದಿಲ್ಲ. ಬಿಟ್ಟ ಪೊರೆ ಥೇಟ್ ಸತ್ತ ಸಿಗಡಿಯಂತೆಯೇ ಕಾಣುತ್ತದೆ, ಎತ್ತಿ ನೋಡಿ, ಒಳಗೆ ಟೊಳ್ಳಾಗಿರುತ್ತದೆ. ಅದೇ ಹಾಡಹಗಲು ಬಯಲಲ್ಲಿ ಅಲೆಯುತ್ತಿದ್ದರೆ ಮಾತ್ರ ಹಸಿವು ಎಂದು ತಿಳಿಯಿರಿ.

ಗಾಜಿನ ಮೇಲೆ ಹರಡಿಕೊಳ್ಳುವ ಒಂದು ಸೆಂಟಿಮೀಟರಿಗೂ ಚಿಕ್ಕದಾದ ಆಸ್ಟರೀನಾ ನಕ್ಷತ್ರಗಳನ್ನು ಮುಗಿಸಲೆಂದೇ ಕೆಲವರು ಈ ಸಿಗಡಿ ತರುತ್ತಾರೆ. ಕೆಲಸ ಚೆನ್ನಾಗಿಯೇ ಆಗುತ್ತದೆ. ಕೆಲವೇ ವಾರಗಳಲ್ಲಿ ಒಂದೂ ಉಳಿಯುವುದಿಲ್ಲ, ಅಂದಿನಿಂದಲೇ ಉಪವಾಸ. ಆದ್ದರಿಂದ ಆಸ್ಟರೀನಾ ಕಾಟವಿರುವ ಮತ್ತೊಬ್ಬರನ್ನು ಮೊದಲೇ ಗೊತ್ತು ಮಾಡಿಕೊಂಡು, ಗಾಜಿನ ಮೇಲೆ ನಾಲ್ಕೈದು ಉಳಿದಿರುವಾಗಲೇ ಸಿಗಡಿಯನ್ನು ಅವರಿಗೆ ದಾಟಿಸಿ, ಇಲ್ಲವೇ ತೋಳು ಕೊಡಲು ಶುರು ಮಾಡಿ. ಲಿಂಕಿಯಾದಂಥ ಸಾಕಿದ ನಕ್ಷತ್ರ ಮೀನು ಅದೇ ತೊಟ್ಟಿಯಲ್ಲಿದ್ದರೆ ಸಿಗಡಿ ಬಿಡುವ ಮೊದಲೇ ಅದನ್ನು ಬೇರೆಡೆ ಸಾಗಿಸಿ.

ತಾಮ್ರವಿರುವ ಔಷಧಿ ಈ ತೊಟ್ಟಿಗೆ ಎಂದೂ ಬೀಳಬಾರದು. ಟ್ರಿಗರ್, ಪಫರ್, ಹಾಕ್‌ಫಿಶ್, ಸಿಕ್ಸ್‌ಲೈನ್ ರಾಸ್ ಮೀನುಗಳ ಜೊತೆ ಸಿಗಡಿಯನ್ನು ಬಿಟ್ಟರೆ ಅದೇ ಅವುಗಳ ಊಟವಾದೀತು.