ಸರ್ವರ್ ಪ್ರೊಸೆಸರೋ ವರ್ಕ್‌ಸ್ಟೇಷನ್ ಪ್ರೊಸೆಸರೋ: ಆಟಕ್ಕೂ ಭಾರದ ಕೆಲಸಕ್ಕೂ ಒಂದೇ ಯಂತ್ರ ಕಟ್ಟುವವರಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಾಗಲಿ, ಆನ್‌ಲೈನ್ ಮಾರುಕಟ್ಟೆಯಲ್ಲಾಗಲಿ, ಹಳೆಯ ಸರ್ವರಿನಿಂದ ಕಳಚಿ ತಂದ ಇಂಟೆಲ್ ಜಿಯಾನ್ ಇ5-2680 ವಿ4 ಕಣ್ಣಿಗೆ ಬಿದ್ದರೆ ಯಾರಿಗಾದರೂ ಆಸೆಯಾಗುತ್ತದೆ. 14 ಕೋರ್ (ಲೆಕ್ಕ ಮಾಡುವ ಘಟಕ), 28 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು), ನಾಲ್ಕು ಮೆಮರಿ ಚಾನೆಲ್ (ಮೆಮರಿಗೆ ಹೋಗುವ ದಾರಿ) ಇದ್ದೂ ಅದರ ಬೆಲೆ ಆರು ಕೋರಿನ ಹೊಸ ಪ್ರೊಸೆಸರಿಗಿಂತ ಎಷ್ಟೋ ಕಡಿಮೆ. ಕೈಯಲ್ಲಿ ಹೆಚ್ಚು ಹಣವಿರುವವರಿಗೆ ಇದೇ ಆಸೆ ಎಎಂಡಿಯ ವರ್ಕ್‌ಸ್ಟೇಷನ್ (ಭಾರದ ಕೆಲಸಕ್ಕೆಂದೇ ಮಾಡಿದ ಮೇಜಿನ ಯಂತ್ರ) ಪ್ರೊಸೆಸರ್ ಥ್ರೆಡ್‌ರಿಪ್ಪರ್ ಅಥವಾ ಸರ್ವರ್ ಪ್ರೊಸೆಸರ್ ಎಪಿಕ್‌ನ ರೂಪದಲ್ಲಿ ಬರುತ್ತದೆ. ಹಗಲು ಕಂಪೈಲ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವುದು), ರೆಂಡರ್ (3ಡಿ ದೃಶ್ಯವನ್ನು ಚಿತ್ರವಾಗಿಸುವುದು), ಸಿಮ್ಯುಲೇಶನ್ ಮಾಡಿ, ರಾತ್ರಿ ಅದೇ ಯಂತ್ರದಲ್ಲಿ ಆಟವಾಡಬೇಕು ಎನ್ನುವವರು ಕೋರ್‌ಗಳನ್ನು ಎಣಿಸುವುದಕ್ಕೆ ಮೊದಲು ಈಗಿರುವ ಯಂತ್ರ ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ಅಳೆದುಕೊಳ್ಳಬೇಕು. ಉಳಿದ ನಿರ್ಧಾರಗಳೆಲ್ಲ ಆ ಅಳತೆಯ ಮೇಲೆಯೇ ನಿಲ್ಲುತ್ತವೆ.

ಅಳೆಯುವಾಗ ಬಹಳ ಮಂದಿ ಎಡವುವ ಜಾಗವೊಂದಿದೆ. ಗೆಳೆಯರೊಬ್ಬರ ಮನೆಯಲ್ಲಿ ಮೇಲೆ ಹೇಳಿದ ಜಿಯಾನ್‌ನ ಮೇಲೆಯೇ ನಗರ ಕಟ್ಟುವ ಆಟವೊಂದು ಓಡುತ್ತಿತ್ತು. ಊರು ದೊಡ್ಡದಾದಂತೆ ಚಿತ್ರ ತಡವರಿಸತೊಡಗಿತು, ಆದರೆ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ ಶೇ. 20 ಕೂಡ ಮುಟ್ಟಿರಲಿಲ್ಲ. ಪ್ರೊಸೆಸರ್ ಖಾಲಿ ಕುಳಿತಿದೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕು ಎಂದು ಅವರು ತೀರ್ಮಾನಿಸಿದ್ದರು. 28 ಥ್ರೆಡ್‌ಗಳ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಸಂಪೂರ್ಣ ತುಂಬಿ ಏದುಸಿರು ಬಿಡುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಕಾಣುವುದು ಕೇವಲ ಶೇ. 3.6ರಷ್ಟು. ಆ ಗ್ರಾಫಿನ ಮೇಲೆ ಬಲಗುಂಡಿ ಒತ್ತಿ, ಒಂದೊಂದು ಲಾಜಿಕಲ್ ಪ್ರೊಸೆಸರನ್ನೂ (ಅಂದರೆ ಪ್ರೊಸೆಸರಿನ ಒಂದೊಂದು ಥ್ರೆಡ್ಡನ್ನೂ) ಬೇರೆಬೇರೆಯಾಗಿ ತೋರಿಸುವಂತೆ ಬದಲಿಸಿದಾಗ ಒಂದೆರಡು ಚೌಕಗಳು ಮಾತ್ರ ಅಂಚಿನವರೆಗೆ ತುಂಬಿ, ಉಳಿದವು ಬಹುಪಾಲು ಬರಿದಾಗಿದ್ದವು. ಒಂದೇ ಥ್ರೆಡ್ ಕೋರ್‌ನಿಂದ ಕೋರ್‌ಗೆ ಹಾರುತ್ತಿದ್ದರೆ ಈ ಚಿತ್ರವೂ ಮಸುಕಾಗುತ್ತದೆ, ಆದ್ದರಿಂದ ಇದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಮಾಡಿರಿ: ಆಟದ ರೆಸಲ್ಯೂಶನನ್ನು ಅರ್ಧಕ್ಕೆ ಇಳಿಸಿ ನೋಡಿರಿ. ಫ್ರೇಮ್‌ಗಳ ಸಂಖ್ಯೆ ಜಿಗಿದರೆ ಅಡಚಣೆ ಗ್ರಾಫಿಕ್ಸ್ ಕಾರ್ಡಿನದು. ಇದ್ದಲ್ಲಿಯೇ ಇದ್ದರೆ ಪ್ರೊಸೆಸರಿನದು. 4ಕೆ ಪರದೆಯಲ್ಲಿ ಆಡುವವರ ಯಂತ್ರದಲ್ಲಿ ಸಾಮಾನ್ಯವಾಗಿ ಕಾರ್ಡಿನ ಅಡಚಣೆಯೇ ಮುಂದಾಗಿರುತ್ತದೆ, ಅಂಥವರು ಪ್ರೊಸೆಸರಿಗೆ ಸುರಿಯುವ ಹಣ ಆಟದ ಮಟ್ಟಿಗೆ ಹೆಚ್ಚೇನೂ ಫಲ ಕೊಡುವುದಿಲ್ಲ.

ಆಟಕ್ಕೆ ಹೆಚ್ಚು ಕೋರ್‌ಗಳಿದ್ದರಷ್ಟೇ ಏಕೆ ಸಾಲದು ಎಂಬುದಕ್ಕೆ ಕಾರಣ ಸರಳವಾಗಿದೆ. 144 ಹರ್ಟ್ಸ್ ಪರದೆಗೆ ಒಂದು ಫ್ರೇಮ್ ಸಿದ್ಧಪಡಿಸಲು ಸಿಗುವ ಕಾಲ ಸುಮಾರು 6.9 ಮಿಲಿಸೆಕೆಂಡು. ಅಷ್ಟರೊಳಗೆ ಆಟಗಾರನ ಕೀಲಿ ಒತ್ತುವಿಕೆ, ಪಾತ್ರಗಳ ನಡೆ, ಭೌತಿಕ ಲೆಕ್ಕ, ಗ್ರಾಫಿಕ್ಸ್ ಕಾರ್ಡಿಗೆ ಕೊಡಬೇಕಾದ ಆದೇಶಗಳು ಒಂದರ ಫಲಿತಾಂಶ ಮತ್ತೊಂದಕ್ಕೆ ಬೇಕಾಗುವಂತೆ ಸಾಲಾಗಿ ನಡೆಯಬೇಕು. ಕೆಲವನ್ನು ಹಂಚಬಹುದು, ಆದರೆ ಮುಖ್ಯ ಥ್ರೆಡ್ ಮುಗಿಯದೆ ಫ್ರೇಮ್ ಮುಗಿಯದು. ಹಾಗಾಗಿ ಒಂದು ಕೋರಿನ ವೇಗವೂ, ಬೇಕಾದ ದತ್ತಾಂಶ ಎಷ್ಟು ಹತ್ತಿರದಲ್ಲಿದೆ ಎಂಬುದೂ ಇಲ್ಲಿ ಮುಖ್ಯವಾಗುತ್ತವೆ. ಎಎಂಡಿಯ ರೈಜನ್ 7 9800ಎಕ್ಸ್3ಡಿಯಲ್ಲಿ ಇರುವುದು ಎಂಟೇ ಕೋರ್. ಆದರೆ ಅದು 5.2 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಮತ್ತು ಆ ಎಂಟು ಕೋರ್‌ಗಳೂ 96 ಎಂಬಿ ಎಲ್3 ಕ್ಯಾಶನ್ನು (ಪ್ರೊಸೆಸರಿನೊಳಗಿನ ವೇಗದ ಪುಟ್ಟ ಮೆಮರಿ) ಹಂಚಿಕೊಂಡು, ಮೆಮರಿಯವರೆಗೆ ಹೋಗಿಬರುವ ದೂರದ ಪ್ರಯಾಣವನ್ನು ಬಹಳಷ್ಟು ಉಳಿಸಿಕೊಳ್ಳುತ್ತವೆ. 96 ಕೋರ್‌ಗಳ ಎಪಿಕ್ 9654 ಏರುವುದು 3.7 ಗಿಗಾಹರ್ಟ್ಸ್‌ವರೆಗೆ. ಅದರ ಎಲ್3 ಕ್ಯಾಶ್ ಒಟ್ಟು 384 ಎಂಬಿ ಎಂದು ಪಟ್ಟಿಯಲ್ಲಿ ದೊಡ್ಡದಾಗಿ ಕಂಡರೂ ಅದು 12 ಚಿಪ್ಲೆಟ್‌ಗಳಲ್ಲಿ (ಪ್ರೊಸೆಸರಿನೊಳಗಿನ ಸಣ್ಣ ಚಿಪ್‌ಗಳು) 32 ಎಂಬಿಯಂತೆ ಹಂಚಿಹೋಗಿದೆ, ಒಂದು ಚಿಪ್ಲೆಟ್‌ನಲ್ಲಿ ಕುಳಿತ ಆಟಕ್ಕೆ ಹತ್ತಿರದಲ್ಲಿ ಸಿಗುವುದು ಆ 32 ಮಾತ್ರ. ಇದು ಎಪಿಕ್‌ನ ದೋಷವಲ್ಲ. ಸಾವಿರಾರು ಬಳಕೆದಾರರ ಸಣ್ಣ ಸಣ್ಣ ಕೋರಿಕೆಗಳನ್ನು ಹಗಲಿರುಳು ಪೂರೈಸಲೆಂದು ಅದನ್ನು ಕಟ್ಟಿದ್ದಾರೆ.

ಭಾರದ ಕೆಲಸಗಳ ಸಂಗತಿ ಇಷ್ಟು ಸುಲಭವಲ್ಲ, ಏಕೆಂದರೆ "ಭಾರ" ಎಂಬ ಒಂದೇ ಮಾತಿನೊಳಗೆ ಬೇರೆಬೇರೆ ಸ್ವಭಾವದ ಕೆಲಸಗಳು ಸೇರಿಕೊಂಡಿವೆ.

ಕಂಪೈಲ್ ಮಾಡುವವರಿಂದ ಆರಂಭಿಸೋಣ. ಆಂಡ್ರಾಯ್ಡ್‌ನ ಮೂಲ ಕೋಡನ್ನು ಪೂರ್ತಿ ಕಟ್ಟಲು 64 ಜಿಬಿ ಮೆಮರಿಯಿರುವ 72 ಕೋರಿನ ಯಂತ್ರಕ್ಕೆ ಸುಮಾರು 40 ನಿಮಿಷ, ಅಷ್ಟೇ ಮೆಮರಿಯ 6 ಕೋರಿನ ಯಂತ್ರಕ್ಕೆ ಸುಮಾರು 6 ಗಂಟೆ ಹಿಡಿಯುತ್ತದೆ ಎಂದು ಗೂಗಲ್ ತನ್ನ ಕೈಪಿಡಿಯಲ್ಲಿ ಬರೆದಿದೆ. ಕೋರ್‌ಗಳು 12 ಪಟ್ಟು, ವೇಗ 9 ಪಟ್ಟು. ಇಷ್ಟು ಚೆನ್ನಾಗಿ ಹಂಚಿಕೊಳ್ಳುವ ಕೆಲಸ ಅಪರೂಪ, ಸಾವಿರಾರು ಕಡತಗಳು ಒಂದನ್ನೊಂದು ಕಾಯದೆ ಕಂಪೈಲ್ ಆಗುವುದರಿಂದ ಅದು ಸಾಧ್ಯವಾಗಿದೆ. ಇದನ್ನು ದಿನಕ್ಕೆ ಹಲವು ಬಾರಿ ಮಾಡುವವರಿಗೆ ಹೆಚ್ಚು ಕೋರ್ ನಿಜಕ್ಕೂ ಆಯುಷ್ಯದ ಗಂಟೆಗಳನ್ನು ಮರಳಿ ಕೊಡುತ್ತದೆ. ಆದರೆ ಹತ್ತು ಕಡತಗಳನ್ನು ತಿದ್ದಿ ಮತ್ತೆ ಕಟ್ಟುವುದೇ ನಿಮ್ಮ ದಿನದ ಕೆಲಸವಾದರೆ ಕೊನೆಯಲ್ಲಿ ಬರುವ ಲಿಂಕಿಂಗ್ (ತುಣುಕುಗಳನ್ನು ಒಂದೇ ಪ್ರೋಗ್ರಾಮಾಗಿ ಜೋಡಿಸುವ) ಹಂತ ಬಹುಪಾಲು ಒಂದೆರಡು ಥ್ರೆಡ್‌ಗಳ ಮೇಲೆ ನಿಲ್ಲುತ್ತದೆ. ಅಲ್ಲಿ ವೇಗದ 16 ಕೋರ್ ನಿಧಾನದ 64 ಕೋರನ್ನು ಹಿಂದಿಕ್ಕಬಲ್ಲದು. 1967ರಲ್ಲಿ ಜೀನ್ ಅಮ್ಡಾಲ್ ಮುಂದಿಟ್ಟ ವಾದದಿಂದ ಹುಟ್ಟಿದ ನಿಯಮ ಇದನ್ನೇ ಲೆಕ್ಕದಲ್ಲಿ ಹೇಳುತ್ತದೆ: ಕೆಲಸದ ಶೇ. 5ರಷ್ಟು ಭಾಗ ಹಂಚಲಾಗದ್ದಾದರೆ ಎಷ್ಟೇ ಕೋರ್ ಹಾಕಿದರೂ ವೇಗ 20 ಪಟ್ಟನ್ನು ದಾಟದು. ಜೊತೆಗೆ ಮೆಮರಿಯ ಲೆಕ್ಕವನ್ನೂ ಮರೆಯಬಾರದು. ದೊಡ್ಡ ಸಿ++ ಯೋಜನೆಯಲ್ಲಿ ಒಂದೊಂದು ಕಂಪೈಲ್ ಪ್ರಕ್ರಿಯೆಗೆ 2 ಜಿಬಿ ಹಿಡಿದರೆ 128 ಥ್ರೆಡ್‌ಗಳಿಗೆ 256 ಜಿಬಿ ಬೇಕು, ಅದಿಲ್ಲದೆ 64 ಕೋರ್ ಕೊಂಡವರು ಅರ್ಧ ಥ್ರೆಡ್‌ಗಳನ್ನು ಮುಚ್ಚಿಟ್ಟು ಕೆಲಸ ಮಾಡಬೇಕಾಗುತ್ತದೆ.

ಎರಡನೆಯ ಬಗೆಯ ಕೆಲಸಗಳು ಕಾಯುವುದು ಮೆಮರಿಗಾಗಿ. ದ್ರವ ಚಲನೆಯ ಸಿಮ್ಯುಲೇಶನ್, ಹವಾಮಾನದ ಮಾದರಿಗಳು, ಪ್ರೊಸೆಸರಿನ ಮೇಲೆಯೇ ಓಡಿಸುವ ಎಐ ಭಾಷಾ ಮಾದರಿಗಳು ಇದಕ್ಕೆ ಸೇರುತ್ತವೆ. 40 ಜಿಬಿಯ ಭಾಷಾ ಮಾದರಿಯೊಂದನ್ನು ತೆಗೆದುಕೊಳ್ಳೋಣ. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಹೊರಡಿಸಲೂ ಅದು ಆ 40 ಜಿಬಿಯನ್ನು ಒಮ್ಮೆ ಪೂರ್ತಿ ಓದಬೇಕು ಎಂದಿಟ್ಟುಕೊಳ್ಳಿ. ಎರಡು ಚಾನೆಲ್ ಡಿಡಿಆರ್5-5600 ಮೆಮರಿ ಇರುವ ಸಾಮಾನ್ಯ ಡೆಸ್ಕ್‌ಟಾಪ್ ಸೆಕೆಂಡಿಗೆ ಹೆಚ್ಚೆಂದರೆ 89.6 ಜಿಬಿ ಓದಬಲ್ಲದು, ಅಂದರೆ ಸೆಕೆಂಡಿಗೆ ಎರಡು ಟೋಕನ್ನಿನ ಆಸುಪಾಸು. 12 ಚಾನೆಲ್ ಡಿಡಿಆರ್5-4800 ಇರುವ ಎಪಿಕ್ 9654ಕ್ಕೆ ಈ ಮಿತಿ 460.8 ಜಿಬಿ, ಅಂದರೆ ಹನ್ನೊಂದರ ಆಸುಪಾಸು. ಇಲ್ಲಿ ಕೋರಿನ ವೇಗ ಬಹಳ ಹಿಂದೆ ಸರಿದು ಚಾನೆಲ್‌ಗಳ ಸಂಖ್ಯೆಯೇ ನಿರ್ಣಾಯಕವಾಗುತ್ತದೆ. ಆದರೆ ಹನ್ನೆರಡು ಚಾನೆಲ್‌ಗೂ ಒಂದೊಂದು ಮೆಮರಿ ಪಟ್ಟಿ (ಸ್ಟಿಕ್) ಹಾಕಿದರೆ ಮಾತ್ರ ಈ ಅಂಕಿ ನಿಜವಾಗುತ್ತದೆ. ನಾಲ್ಕೇ ಪಟ್ಟಿ ಹಾಕಿ ಸರ್ವರ್ ಪ್ರೊಸೆಸರ್ ಓಡಿಸುವುದು ಹಣ ಕೊಟ್ಟು ಕೊಂಡ ದಾರಿಗಳನ್ನು ತಾವೇ ಮುಚ್ಚಿಕೊಂಡಂತೆ.

ರೆಂಡರಿಂಗ್ ಕೋರ್‌ಗಳನ್ನು ಚೆನ್ನಾಗಿ ಬಳಸುತ್ತದೆ, ಆದರೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದ ಸೈಕಲ್ಸ್ ರೆಂಡರರ್ ಅದೇ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೂ ಮಾಡುವುದರಿಂದ, ದೃಶ್ಯವು ಕಾರ್ಡಿನ ಮೆಮರಿಯೊಳಗೆ ಹಿಡಿಸುವಷ್ಟಿದ್ದರೆ ಕಾರ್ಡಿಗೇ ಹಣ ಹಾಕುವುದು ಮೇಲು. ವಿಡಿಯೊ ಸಂಕಲನಕಾರರಿಗೆ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರಿನ ಒಳ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಎಂಬ ವಿಡಿಯೊ ಘಟಕ ಬಹಳ ನೆರವಾಗುತ್ತದೆ, ಥ್ರೆಡ್‌ರಿಪ್ಪರ್‌ನಲ್ಲಿ ಒಳ ಗ್ರಾಫಿಕ್ಸ್ ಇಲ್ಲ.

ಈಗ ಸರ್ವರ್ ಮತ್ತು ವರ್ಕ್‌ಸ್ಟೇಷನ್ ನಡುವಿನ ವ್ಯತ್ಯಾಸಕ್ಕೆ ಬರೋಣ. ಹೆಸರನ್ನು ನಂಬಬೇಡಿ. 2024ರಲ್ಲಿ ಬಂದ ಎಪಿಕ್ 4004 ಸರಣಿ ಹೆಸರಿನಲ್ಲಿ ಸರ್ವರ್ ಆದರೂ ರೈಜನ್ ಕೂರುವ ಎಎಂ5 ಸಾಕೆಟ್ಟಿನಲ್ಲೇ ಕೂರುತ್ತದೆ, ಸ್ವಭಾವವೂ ರೈಜನ್ನಿನದೇ. ಇದಕ್ಕೆ ವಿರುದ್ಧವಾಗಿ ಥ್ರೆಡ್‌ರಿಪ್ಪರ್ ಪ್ರೊ 7995ಡಬ್ಲ್ಯೂಎಕ್ಸ್ ವರ್ಕ್‌ಸ್ಟೇಷನ್ ಎಂದು ಮಾರಾಟವಾದರೂ 96 ಕೋರ್, ಎಂಟು ಮೆಮರಿ ಚಾನೆಲ್, 128 ಪಿಸಿಐಇ 5.0 ಲೇನ್‌ಗಳೊಂದಿಗೆ (ಕಾರ್ಡು, ಡಿಸ್ಕುಗಳನ್ನು ಪ್ರೊಸೆಸರಿಗೆ ಜೋಡಿಸುವ ದಾರಿಗಳು) ಸರ್ವರಿನ ಸಮೀಪದ ಬಂಧು. ನಿಜವಾದ ವ್ಯತ್ಯಾಸ ವೇಗದ ಮೇಲ್ಮಿತಿಯಲ್ಲಿದೆ: ಅದೇ 96 ಕೋರ್ ಇದ್ದರೂ 7995ಡಬ್ಲ್ಯೂಎಕ್ಸ್ 5.1 ಗಿಗಾಹರ್ಟ್ಸ್‌ವರೆಗೆ ಏರುತ್ತದೆ, ಎಪಿಕ್ 9654 3.7ರಲ್ಲೇ ನಿಲ್ಲುತ್ತದೆ. ಕೆಲವೇ ಥ್ರೆಡ್‌ಗಳ ಮೇಲೆ ಓಡುವ ಆಟಕ್ಕೂ ವಿನ್ಯಾಸದ ತಂತ್ರಾಂಶಗಳಿಗೂ ಈ ಅಂತರ ಕಣ್ಣಿಗೆ ಕಾಣುವಂಥದ್ದು. 9575ಎಫ್‌ನಂತೆ 5 ಗಿಗಾಹರ್ಟ್ಸ್ ಮುಟ್ಟುವ ಎಪಿಕ್‌ಗಳೂ ಇವೆ, ಆದರೆ ಅದರ ವಿದ್ಯುತ್ ಮಿತಿ 400 ವ್ಯಾಟ್. ಲೇನ್‌ಗಳ ಅಗತ್ಯವನ್ನೂ ಕಾಗದದ ಮೇಲೆ ಎಣಿಸಿಕೊಳ್ಳಿರಿ. ಎಎಂ5 ಪ್ರೊಸೆಸರ್ ನೇರವಾಗಿ ಕೊಡುವ 24 ಲೇನ್‌ಗಳಲ್ಲಿ 16 ಗ್ರಾಫಿಕ್ಸ್ ಕಾರ್ಡಿಗೆ ಹೋದರೆ ಎರಡು ಎನ್‌ವಿಎಂಇ ಡಿಸ್ಕುಗಳಿಗೆ ನಾಲ್ಕು ನಾಲ್ಕು ಉಳಿಯುತ್ತವೆ. ಒಂದೇ ಕಾರ್ಡ್ ಇರುವವರಿಗೆ ಇಷ್ಟು ಧಾರಾಳ, ಮೂರು ನಾಲ್ಕು ಕಾರ್ಡ್ ಹಾಕಿ ಮಾದರಿಗಳನ್ನು ತರಬೇತಿಗೊಳಿಸುವವರಿಗೆ ವರ್ಕ್‌ಸ್ಟೇಷನ್ ವೇದಿಕೆ ಅನಿವಾರ್ಯ.

ಸರ್ವರ್ ಬೋರ್ಡಿನ ಜೊತೆ ದಿನವೂ ಬದುಕುವುದು ಹೇಗಿರುತ್ತದೆ ಎಂಬುದು ವಿವರಪಟ್ಟಿಯಲ್ಲಿ ಸಿಗುವುದಿಲ್ಲ. ಗುಂಡಿ ಒತ್ತಿದ ಮೇಲೆ ಮೆಮರಿಯನ್ನೆಲ್ಲ ಪರೀಕ್ಷಿಸಿಕೊಂಡು ಪರದೆ ಬೆಳಗಲು ಹಲವು ನಿಮಿಷಗಳೇ ಹಿಡಿಯಬಹುದು. ಹೆಚ್ಚಿನ ಬೋರ್ಡುಗಳಲ್ಲಿ ಧ್ವನಿಯ ಜ್ಯಾಕ್ ಇಲ್ಲ, ವೈಫೈ ಇಲ್ಲ, ಯುಎಸ್‌ಬಿ ಕಿಂಡಿಗಳು ಎರಡೋ ನಾಲ್ಕೋ, ಸ್ಲೀಪ್ ಸ್ಥಿತಿ ಕೆಲಸ ಮಾಡುವುದಿಲ್ಲ. ಬೋರ್ಡಿನ ಅಳತೆಯೂ ದೊಡ್ಡದು, ಸಾಮಾನ್ಯ ಕ್ಯಾಬಿನೆಟ್ಟಿನ ತಿರುಪು ತೂತುಗಳಿಗೆ ಹೊಂದದಿರಬಹುದು. ಪೂರ್ತಿ ರ‍್ಯಾಕ್ ಸರ್ವರನ್ನೇ ಮನೆಗೆ ತಂದರೆ ಅದರ ಪುಟ್ಟ ಫ್ಯಾನ್‌ಗಳ ಚೀರಾಟದ ಪಕ್ಕದಲ್ಲಿ ಯಾರೂ ಮಲಗಲಾರರು. 350 ವ್ಯಾಟಿನ ಪ್ರೊಸೆಸರನ್ನು ದಿನಕ್ಕೆ 8 ಗಂಟೆ ಪೂರ್ಣ ಭಾರದಲ್ಲಿ ಓಡಿಸಿದರೆ ಪ್ರೊಸೆಸರೊಂದೇ ತಿಂಗಳಿಗೆ 84 ಯೂನಿಟ್ ಉಣ್ಣುತ್ತದೆ, ಅಷ್ಟೂ ಶಾಖವಾಗಿ ಕೋಣೆಯೊಳಗೇ ಉಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಏಸಿ ಇಲ್ಲದ ಕೋಣೆಯಲ್ಲಿ ಇದನ್ನು ಇಡಬಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಮನೆಯ ಸಣ್ಣ ಯುಪಿಎಸ್ಸೂ ಇಂಥ ಭಾರವನ್ನು ಹೊರಲಾರದು.

ವಿಂಡೋಸ್ ಬಳಸುವವರು ಇನ್ನೊಂದು ಮಿತಿಯನ್ನು ತಿಳಿದಿರಬೇಕು. ಅದು ಲಾಜಿಕಲ್ ಪ್ರೊಸೆಸರ್‌ಗಳನ್ನು ಹೆಚ್ಚೆಂದರೆ 64ರ ಗುಂಪುಗಳಾಗಿ ವಿಂಗಡಿಸುತ್ತದೆ, ಹಳೆಯ ತಂತ್ರಾಂಶಗಳು ಒಂದು ಗುಂಪಿನಾಚೆಗೆ ನೋಡುವುದಿಲ್ಲ. 64 ಕೋರ್ ಇರುವವರು ಬಯಾಸ್‌ನಲ್ಲಿ ಎಸ್‌ಎಂಟಿ (ಒಂದು ಕೋರ್ ಎರಡು ಥ್ರೆಡ್ ನಡೆಸುವ ವ್ಯವಸ್ಥೆ) ಮುಚ್ಚಿದರೆ ಎಲ್ಲ ಕೋರ್‌ಗಳೂ ಒಂದೇ ಗುಂಪಿಗೆ ಬರುತ್ತವೆ. ಎರಡು ಸಾಕೆಟ್ಟಿನ ಬೋರ್ಡನ್ನು ಆಟಕ್ಕೆಂದು ಕೊಳ್ಳಲೇಬೇಡಿ: ವಿಂಡೋಸ್ ಹೋಮ್ ಎರಡನೆಯ ಸಾಕೆಟ್ಟನ್ನು ಬಳಸುವುದಿಲ್ಲ, ಬಳಸುವ ಪ್ರೊ ಆವೃತ್ತಿಯಲ್ಲೂ ಒಂದು ಪ್ರೊಸೆಸರ್ ಇನ್ನೊಂದರ ಮೆಮರಿಯನ್ನು ಮುಟ್ಟಲು ಹೋದಾಗಲೆಲ್ಲ ವಿಳಂಬ ಹೆಚ್ಚಿ ಆಟ ಮುಗ್ಗರಿಸುತ್ತದೆ.

ನನ್ನ ತೀರ್ಪು ಹೀಗಿದೆ. ಆಟವೇ ಮುಖ್ಯವಾಗಿ, ಭಾರದ ಕೆಲಸ ವಾರಕ್ಕೆ ಒಂದೆರಡು ದಿನ ಇರುವವರು ಸರ್ವರ್, ವರ್ಕ್‌ಸ್ಟೇಷನ್ ಎರಡೂ ವರ್ಗಗಳನ್ನು ಬಿಟ್ಟು ಎಂಟು ಕೋರಿನ ಎಕ್ಸ್3ಡಿ (ಹೆಚ್ಚುವರಿ ಕ್ಯಾಶ್ ಇರುವ) ಪ್ರೊಸೆಸರನ್ನು ಕೊಳ್ಳಲಿ. ಎರಡೂ ಸಮಸಮವಾಗಿರುವವರಿಗೆ 16 ಕೋರಿನ ರೈಜನ್ 9 9950ಎಕ್ಸ್3ಡಿ ಸರಿಹೊಂದುತ್ತದೆ. ಅದರ ಎರಡು ಚಿಪ್ಲೆಟ್‌ಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚುವರಿ ಕ್ಯಾಶ್ ಇರುವುದರಿಂದ, ಆಟ ಆ ಚಿಪ್ಲೆಟ್‌ನ ಮೇಲೇ ಓಡುವಂತೆ ಚಿಪ್‌ಸೆಟ್ ಡ್ರೈವರನ್ನೂ ವಿಂಡೋಸ್‌ನ ಗೇಮ್ ಬಾರನ್ನೂ ಹೊಸದಾಗಿ ಇಟ್ಟುಕೊಳ್ಳಬೇಕು. 256 ಜಿಬಿಗಿಂತ ಹೆಚ್ಚು ಮೆಮರಿ, ಎರಡಕ್ಕಿಂತ ಹೆಚ್ಚು ಕಾರ್ಡ್, ಅಥವಾ ದಿನವಿಡೀ ಎಲ್ಲ ಕೋರ್‌ಗಳನ್ನೂ ತುಂಬುವ ಕೆಲಸ, ಈ ಮೂರರಲ್ಲಿ ಒಂದಾದರೂ ಇದ್ದರೆ ಥ್ರೆಡ್‌ರಿಪ್ಪರ್ ಅಥವಾ ಇಂಟೆಲ್‌ನ ವರ್ಕ್‌ಸ್ಟೇಷನ್ ಪ್ರೊಸೆಸರ್ ಜಿಯಾನ್ ಡಬ್ಲ್ಯೂ ಕೊಳ್ಳಿರಿ, ಆಟವೂ ಅದರ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ಸರ್ವರ್ ಪ್ರೊಸೆಸರನ್ನು ಮೇಜಿನ ಯಂತ್ರವಾಗಿಸುವ ಬದಲು ಬೇರೆ ಕೋಣೆಯಲ್ಲಿಟ್ಟು ಎಸ್‌ಎಸ್‌ಎಚ್ (ದೂರದಿಂದ ಯಂತ್ರಕ್ಕೆ ಆದೇಶ ಕೊಡುವ ವಿಧಾನ) ಮೂಲಕ ಕೆಲಸ ಒಪ್ಪಿಸುವುದೇ ಸರಿಯಾದ ಬಳಕೆ.

ಹಳೆಯದನ್ನೇ ಕೊಳ್ಳುವುದಾದರೆ ಹಣ ಕೊಡುವ ಮೊದಲು ಕೆಲವನ್ನು ಪರೀಕ್ಷಿಸಿರಿ. ಇ5 ವಿ4 ಸರಣಿ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಬಳಸುವವರಿಗೆ ಮಾತ್ರ ಅದು ನಿಶ್ಚಿಂತೆಯ ಖರೀದಿ. ಕೆಲವು ದೊಡ್ಡ ಕಂಪನಿಗಳ ಸರ್ವರಿನಲ್ಲಿ ಒಮ್ಮೆ ಓಡಿದ ಎಪಿಕ್ ಅಥವಾ ಥ್ರೆಡ್‌ರಿಪ್ಪರ್ ಪ್ರೊ, ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ವ್ಯವಸ್ಥೆಯಿಂದ ಆ ಕಂಪನಿಯ ಬೋರ್ಡಿಗೇ ಶಾಶ್ವತವಾಗಿ ಬೀಗ ಬಿದ್ದಿರಬಹುದು, ಬೇರೆ ಬೋರ್ಡಿನಲ್ಲಿ ಅದು ಜೀವ ತಳೆಯುವುದೇ ಇಲ್ಲ. ಆದ್ದರಿಂದ ಬೀಗವಿಲ್ಲದ್ದು ಎಂದು ಬರಹದಲ್ಲಿ ಪಡೆಯಿರಿ. ಪ್ರೊಸೆಸರಿನ ಲೋಹದ ಮುಚ್ಚಳದ ಮೇಲೆ ಮಾದರಿ ಸಂಖ್ಯೆಯ ಜಾಗದಲ್ಲಿ "ಕಾನ್ಫಿಡೆನ್ಶಿಯಲ್" ಎಂಬ ಕೆತ್ತನೆ ಕಂಡರೆ ಅದು ಎಂಜಿನಿಯರಿಂಗ್ ಸ್ಯಾಂಪಲ್ (ಮಾರಾಟಕ್ಕಲ್ಲದ ಪರೀಕ್ಷಾ ಪ್ರತಿ), ಬಿಟ್ಟುಬಿಡಿ. ಮೆಮರಿ ಕೊಳ್ಳುವಾಗ ಡಿಡಿಆರ್5 ಆರ್‌ಡಿಮ್ (ಸರ್ವರ್ ಬಗೆಯ) ಮತ್ತು ಯುಡಿಮ್ (ಸಾಮಾನ್ಯ ಡೆಸ್ಕ್‌ಟಾಪ್ ಬಗೆಯ) ಪಟ್ಟಿಗಳ ಕೆಳ ಅಂಚಿನ ಸೀಳು ಬೇರೆಬೇರೆ ಸ್ಥಳದಲ್ಲಿದೆ ಎಂಬುದನ್ನು ನೆನಪಿಡಿ. ದೊಡ್ಡ ಸರ್ವರ್ ಮತ್ತು ಡಿಡಿಆರ್5 ಥ್ರೆಡ್‌ರಿಪ್ಪರ್ ಬೋರ್ಡುಗಳಿಗೆ ಬೇಕಾದದ್ದು ಆರ್‌ಡಿಮ್, ಮನೆಯಲ್ಲಿರುವ ಡೆಸ್ಕ್‌ಟಾಪ್ ಪಟ್ಟಿ ಅಲ್ಲಿ ಕೂರದು, ಬಲವಂತವಾಗಿ ಒತ್ತಬೇಡಿ. ಯಂತ್ರ ಜೋಡಿಸಿದ ಮೊದಲ ರಾತ್ರಿ ಮೆಮರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ಅದು ವರದಿಯಲ್ಲಿ ತೋರಿಸುವ ಮೆಮರಿಯ ಒಟ್ಟು ಮೊತ್ತವನ್ನು ನೀವು ಹಾಕಿದ ಪಟ್ಟಿಗಳ ಮೊತ್ತದೊಂದಿಗೆ ತಾಳೆ ನೋಡಿರಿ. ಒಂದು ಪಟ್ಟಿಯಷ್ಟು ಕಡಿಮೆ ಕಂಡರೆ ಪ್ರೊಸೆಸರನ್ನು ತೆಗೆದು ಸಾಕೆಟ್ಟಿನ ಪಿನ್‌ಗಳನ್ನು ಒಳ್ಳೆಯ ಬೆಳಕಿನಲ್ಲಿ ಓರೆಯಾಗಿ ನೋಡಿ, ಬಾಗಿದ ಪಿನ್ ಇದ್ದರೆ ವಾಪಸಾತಿಯ ಗಡುವು ಮುಗಿಯುವ ಮೊದಲೇ ಬೋರ್ಡನ್ನು ಅಂಗಡಿಗೆ ಹಿಂದಿರುಗಿಸಿರಿ.