‘ಎಲ್ಲಿ ಮೇಡಂ?’ ಅಂತ ಕೇಳಿದ ಮೇಲೆ

ಹನುಮಂತನಗರದ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಸುಗಮ ಸಂಗೀತದ ಕ್ಲಾಸು. ಹದಿನಾಲ್ಕು ಮಕ್ಕಳು. ಹಾರ್ಮೋನಿಯಂ ತೆರೆಯುವ ಮೊದಲೇ ಶುರು: ‘ಮಿಸ್, ನಿನ್ನೆ ಸರಿಗಮಪ ನೋಡಿದ್ರಾ? ಆ ಹುಡುಗ ಹೆಂಗೆ ಹಾಡಿದ?’ ‘ಸೂಪರ್’, ‘ಪರವಾಗಿಲ್ಲ’, ‘ಇನ್ನೂ ಚೆನ್ನಾಗಿ ಹಾಡಬಹುದಿತ್ತು’ ಅನ್ನುವ ಮೂರೇ ಉತ್ತರದಲ್ಲಿ ನಾನು ಒಂದು ಸೀಸನ್ ಪೂರ್ತಿ ಕಳೆದಿದ್ದೆ. ಆಮೇಲೆ ಪೋಷಕರ ವಾಟ್ಸ್ಯಾಪ್ ಗುಂಪಿಗೆ ಶನಿವಾರ ರಾತ್ರಿಯೇ ಆ ಟಿವಿ ಸ್ಪರ್ಧೆಯ ಹಾಡುಗಳ ಬಗ್ಗೆ ನಾಲ್ಕು ಸಾಲು ಬರೆದು ಹಾಕುವ ಚಟ ಹತ್ತಿತು. ಟೀಚರ್ ಗತ್ತು ತಲೆಗೇರಿತ್ತು ಅನ್ನಿ.

ಒಂದು ವಾರ ಹೀಗೆ ಬರೆದೆ: ‘ಹುಡುಗನಿಗೆ ಶ್ರುತಿಯೇ ನಿಲ್ಲಲಿಲ್ಲ. ಜಡ್ಜ್‌ಗಳು ಎದ್ದು ನಿಂತಿದ್ದು ಯಾಕೋ ಗೊತ್ತಾಗಲಿಲ್ಲ.’ ಅದು ಯಾರ್ಯಾರದೋ ಫೋನು ದಾಟಿ ಆ ಹುಡುಗನ ಮನೆಗೇ ಹೋಗಿ ಮುಟ್ಟಿತು. ಮೂರನೇ ದಿನ ಅವನ ಅಕ್ಕ ಫೋನ್ ಮಾಡಿದಳು. ಜಗಳಕ್ಕೇ ಅಂದುಕೊಂಡು ಗಂಟಲು ಸರಿಮಾಡಿಕೊಂಡೆ. ಅವಳು ಕೇಳಿದ್ದು ಇಷ್ಟೇ: ‘ಮೇಡಂ, ಶ್ರುತಿ ಎಲ್ಲಿ ಹೋಯ್ತು? ಪಲ್ಲವಿಲೋ ಚರಣದಲ್ಲೋ? ತಮ್ಮ ತಿದ್ಕೋತಾನಂತೆ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಇನ್ನೊಂದ್ಸಲ ಕೇಳಿ ಹೇಳ್ತೀನಮ್ಮ’ ಅಂದೆ. ಎಪಿಸೋಡ್ ಮತ್ತೆ ಹಾಕಿ, ತಂಬೂರಿ ಆ್ಯಪ್ ಪಕ್ಕದಲ್ಲಿಟ್ಟುಕೊಂಡು ಕೂತೆ. ಹಾಡು ಹೆಚ್ಚುಕಮ್ಮಿ ಪೂರ್ತಿ ಶ್ರುತಿಯಲ್ಲೇ ಇದೆ! ಎರಡನೇ ಚರಣದ ಕೊನೆಗೆ ತಾರ ಷಡ್ಜದಿಂದ (ಮೇಲಿನ ‘ಸ’) ಇಳಿಯುವಾಗ ನಿಷಾದ (‘ನಿ’) ಒಂದೆಳೆ ಜಾರಿದೆ, ಅದೂ ಉಸಿರು ಸಾಲದೆ. ಆ ಒಂದೆಳೆಗೆ ನಾನು ಇಡೀ ಹುಡುಗನನ್ನೇ ಅಪಶ್ರುತಿ ಮಾಡಿ ಕೂರಿಸಿದ್ದೆ. ಅವಳಿಗೆ ಫೋನ್ ಮಾಡಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕಿತ್ತು ಅನ್ನುವುದನ್ನು ಹಾಡಿಯೇ ತೋರಿಸಿದೆ.

ಅವತ್ತು ಗಾಂಧಿ ಬಜಾರಿಗೆ ಹೋಗಿ ಅಂಗಡಿಯವರು ಲೆಕ್ಕ ಬರೆಯುವ ಉದ್ದನೆಯ ಪುಸ್ತಕವೊಂದು ತಂದೆ. ಎಡಗಡೆ ನಿಮಿಷ-ಸೆಕೆಂಡು, ಬಲಗಡೆ ಕೇಳಿಸಿದ್ದು. ಎಡಗಡೆ ಖಾಲಿ ಇದ್ದರೆ ಬಲಗಡೆಯ ಮಾತು ಗುಂಪಿಗೆ ಹೋಗುವುದಿಲ್ಲ.

ಮೊದಲ ಸಲ ಅಡುಗೆಮನೆಯಿಂದ ಕೇಳುತ್ತೇನೆ. ಹಾಡಿಗೆ ಮುಂಚೆ ವಿಟಿ ಹಾಕುತ್ತಾರಲ್ಲ, ಸ್ಪರ್ಧಿಯ ಊರು, ಮನೆ, ಕಷ್ಟ ಎಲ್ಲ ತೋರಿಸುವ ತುಣುಕು, ಅದನ್ನು ನೋಡಿಬಿಟ್ಟರೆ ಕಿವಿ ಕೆಲಸ ಮಾಡುವುದಿಲ್ಲ. ನಮ್ಮತ್ತೆ ಅದಕ್ಕೇ ಸೆರಗು ಕಣ್ಣಿಗೆ ಒತ್ತಿಕೊಂಡಿರುತ್ತಾರೆ. ಆ ಹೊತ್ತಿಗೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿರುತ್ತೇನೆ. (ಸಾಸಿವೆ ಸಿಡಿಯುವಾಗಲೇ ಆಲಾಪ ಶುರುವಾದರೆ ಮಾತ್ರ ಕಷ್ಟ.) ಎರಡನೇ ಸಲ ಮೊಬೈಲಿನಲ್ಲಿ, ಇಯರ್‌ಫೋನ್ ಹಾಕಿಕೊಂಡು, ಪುಸ್ತಕ ಬಿಚ್ಚಿಕೊಂಡು.

ಮೊದಲು ನೋಡುವುದು ಯಾವ ಮನೆ ಶ್ರುತಿ ಅಂತ, ಅಂದರೆ ಹಾರ್ಮೋನಿಯಂನ ಯಾವ ಕೀಯನ್ನು ‘ಸ’ ಮಾಡಿಕೊಂಡು ಹಾಡುತ್ತಿದ್ದಾರೆ ಅಂತ. ಗಂಡುಮಕ್ಕಳು ಸಾಮಾನ್ಯವಾಗಿ ಒಂದು, ಒಂದೂವರೆ ಮನೆಯಲ್ಲಿ, ಹೆಣ್ಣುಮಕ್ಕಳು ಐದು, ಐದೂವರೆಯಲ್ಲಿ ಹಾಡುತ್ತಾರೆ. ಹುಡುಗಿಯೊಬ್ಬಳು ಗಂಡಸರ ಹಾಡು ಆರಿಸಿಕೊಂಡರೆ ವಾದ್ಯದವರು ಇಡೀ ಹಾಡನ್ನು ಅವಳ ಮನೆಗೆ ತರಬೇಕು. ಪಲ್ಲವಿಗೆ ಸರಿಹೋಯಿತು ಅಂತ ಒಪ್ಪಿಕೊಂಡುಬಿಟ್ಟರೆ ಚರಣದ ಮೇಲಿನ ಸ್ವರದಲ್ಲಿ ಕಿರುಚಬೇಕಾಗುತ್ತದೆ. ಅದನ್ನು ‘ದನಿ ಒಡೆಯಿತು’ ಅಂತ ನಾನೂ ಬರೆದಿದ್ದೇನೆ. ಒಡೆದಿದ್ದು ದನಿಯಲ್ಲ, ರಿಹರ್ಸಲ್ ದಿನದ ಲೆಕ್ಕ.

ಪುಸ್ತಕದಲ್ಲಿ ಅತಿ ಹೆಚ್ಚು ಜಾಗ ತಿನ್ನುವುದು ಅಕ್ಷರ. ‘ಬೆಳದಿಂಗಳು’ ಅನ್ನುವುದು ‘ಬೆಲದಿಂಗಲು’ ಆಗುತ್ತದೆ, ‘ಹೂವು’ ‘ಊವು’ ಆಗುತ್ತದೆ. ಅದಕ್ಕಿಂತ ನನಗೆ ಸಂಕಟ ಆಗುವುದು ‘ಬೆಳ’ ಅಂತ ಹೇಳಿ, ಉಸಿರೆಳೆದು, ‘ದಿಂಗಳು’ ಅಂದಾಗ. ಚಂದ್ರನನ್ನು ಎರಡು ಹೋಳು ಮಾಡಿ ಕೊಟ್ಟ ಹಾಗೆ. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್‌ಪಿಬಿ ಸ್ಪರ್ಧಿಗಳನ್ನು ತಿದ್ದುತ್ತಿದ್ದುದನ್ನು ನೋಡಿದವರಿಗೆ ನೆನಪಿರುತ್ತದೆ. ಮೊದಲು ಮೆಚ್ಚುಗೆ, ಆಮೇಲೆ ಎಡವಿದ ಜಾಗ, ಕೊನೆಗೆ ಆ ಸಾಲನ್ನು ತಾವೇ ಹಾಡಿ ತೋರಿಸುವುದು. ಬರೆದ ಕವಿ ಯಾರು, ರಾಗ ಹಾಕಿದವರು ಯಾರು ಅನ್ನುವುದೂ ಮಾತಿನಲ್ಲಿ ಬರುತ್ತಿತ್ತು. ತೆಲುಗು ಮನೆಮಾತಿನವರು ಬಂದು ನಮ್ಮ ಮಕ್ಕಳ ಕನ್ನಡ ತಿದ್ದುತ್ತಿದ್ದರು! ಅವರು ಹೋಗಿದ್ದು 2020ರ ಸೆಪ್ಟೆಂಬರ್ 25ಕ್ಕೆ. ಆ ಭಾನುವಾರ ಕ್ಲಾಸಿನಲ್ಲಿ ಅವರ ಹಾಡು ಬಿಟ್ಟು ಇನ್ನೇನೂ ಹಾಡಿಸಲಿಲ್ಲ.

ಅಣ್ಣಾವ್ರ ಹಾಡು ತೆಗೆದುಕೊಳ್ಳುವವರದು ಇನ್ನೊಂದು ಕಥೆ. ಅವರ ದನಿಯನ್ನು ಅನುಕರಿಸುವ ಭರದಲ್ಲಿ ಅವರ ಅಕ್ಷರಶುದ್ಧಿಯನ್ನೇ ಕೈಬಿಡುತ್ತಾರೆ. ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ‘ಜೀವನ ಚೈತ್ರ’ದ ಹಾಡಿದೆಯಲ್ಲ, ಅದಕ್ಕೆ ಕೈಹಾಕುವವರ ಧೈರ್ಯಕ್ಕೆ ಮೊದಲೇ ಒಂದು ನಮಸ್ಕಾರ. ಸ್ಟುಡಿಯೋ ಚಪ್ಪಾಳೆ ಬೀಳುವುದು ಸ್ವರಗಳು ಸರಸರ ಓಡುವ ಕಡೆ. ನಾನು ಗುರುತು ಹಾಕಿಕೊಳ್ಳುವುದು ಆ ಹಾಡಿನ ತೋಡಿ ರಾಗದ ಗಾಂಧಾರ (‘ಗ’) ತೂಗಿತೋ, ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತೋ ಅನ್ನುವುದನ್ನು.

ಒಮ್ಮೆ ಶಿಷ್ಯೆಯೊಬ್ಬಳ ಅಪ್ಪ ಇಂಥದೇ ಒಂದು ಕಾರ್ಯಕ್ರಮದ ಶೂಟಿಂಗಿಗೆ ಪಾಸ್ ಕೊಡಿಸಿದರು. ಬೆಳಿಗ್ಗೆ ಹತ್ತಕ್ಕೆ ಹೋದವಳು ಮನೆ ಸೇರಿದಾಗ ರಾತ್ರಿ ಹನ್ನೊಂದು ಹೊಡೆದಿತ್ತು. ಹಾಡು ಶುರುವಾಗುವ ಮೊದಲೇ ನಮ್ಮಿಂದ ಚಪ್ಪಾಳೆ ತಟ್ಟಿಸಿ, ನಗಿಸಿ, ಕಣ್ಣರಳಿಸಿ ಶೂಟ್ ಮಾಡಿಕೊಂಡರು. ಇನ್ನೂ ಹಾಡದ ಹಾಡಿಗೆ ನಾನು ಬೆರಗಾಗಿ ತಲೆಯಾಡಿಸಿದೆ! ನಿರೂಪಕಿ ತಡವರಿಸಿದರೆ ಮತ್ತೊಂದು ಟೇಕ್. ಎಸಿಯ ಕೊರೆತದಲ್ಲಿ ಶಾಲು ಹೊದ್ದು ಫ್ಲಾಸ್ಕ್ ಹಿಡಿದು ಕೂತ ಒಬ್ಬ ಹುಡುಗಿಯ ಸರದಿ ಬಂದಾಗ ಸಂಜೆ ಆರಾಗಿತ್ತು. ನಾವು ಕೂತ ಜಾಗಕ್ಕೆ ಡ್ರಮ್ಮಿನ ಸದ್ದೇ ಜಾಸ್ತಿ, ಅವಳ ದನಿ ತೆಳ್ಳಗೆ ಕೇಳಿಸುತ್ತಿತ್ತು, ಮಂದ್ರದ, ಅಂದರೆ ಕೆಳಗಿನ, ಸ್ವರಗಳು ಮುಳುಗೇಹೋದವು. ಆದರೂ ಜಡ್ಜ್‌ಗಳು ಕೊಂಡಾಡಿದರು. ನಾನು ಪಕ್ಕದವರ ಹತ್ತಿರ ಗೊಣಗಿದೆ.

ಅದೇ ಹಾಡು ಟಿವಿಯಲ್ಲಿ ಬಂತು. ಮಂದ್ರ ಅಷ್ಟೂ ಕಿವಿಗೆ ಬಿತ್ತು, ಜೇನು ಇಳಿದ ಹಾಗೆ! ಹಾಡುವವರ ಮೈಕು, ವಾದ್ಯಗಳು ಎಲ್ಲವನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಹದವಾಗಿ ಬೆರೆಸುತ್ತಾರೆ, ಒಂದಿಷ್ಟು ಪ್ರತಿಧ್ವನಿ ಸೇರಿಸುತ್ತಾರೆ, ಬೇಕಿದ್ದರೆ ಸ್ವರವನ್ನೂ ಕೊಂಚ ನೇರ ಮಾಡಬಹುದು. ಅವಳು ಹಾಡಿದ್ದು, ಹಾಲ್‌ನಲ್ಲಿ ನನಗೆ ಕೇಳಿಸಿದ್ದು, ಮನೆಮಂದಿಗೆ ಕೇಳಿಸಿದ್ದು ಮೂರೂ ಬೇರೆ. ಅಲ್ಲಿಂದ ಈಚೆಗೆ ಜಡ್ಜ್‌ಗಳ ಮಾರ್ಕಿನ ತಂಟೆಗೆ ಹೋಗಿಲ್ಲ. ‘ಟಿವಿಯಲ್ಲಿ ಕೇಳಿಸಿದ್ದು’ ಅಂತಲೇ ಶುರುಮಾಡುತ್ತೇನೆ.

ಮಕ್ಕಳೂ ಈಗ ಪುಸ್ತಕ ಇಟ್ಟಿದ್ದಾರೆ. ‘ಮಿಸ್, ಎರಡು ನಿಮಿಷ ಹತ್ತು ಸೆಕೆಂಡ್ ಅಲ್ಲ, ಹದಿನಾಲ್ಕು’ ಅಂತ ನನ್ನ ಮೇಲೇ ಜಗಳಕ್ಕೆ ಬರುತ್ತಾರೆ. ಒಬ್ಬನಂತೂ ಜಡ್ಜ್‌ಗಳು ಮಾತಾಡುವಾಗ ಎಷ್ಟು ಸಲ ‘ಮೈಂಡ್ ಬ್ಲೋಯಿಂಗ್’ ಅಂದರು ಅಂತ ಗೀಟು ಹಾಕಿಕೊಂಡು ಬರುತ್ತಾನೆ.

ಹೋದ ಶನಿವಾರ ಒಬ್ಬಳು ಹಾಡಿದಳು. ನನ್ನ ಪುಸ್ತಕದ ಪ್ರಕಾರ ಎಲ್ಲ ಸರಿಯಾಗಿತ್ತು. ಅಕ್ಷರ ಸರಿ, ಶ್ರುತಿ ಸರಿ, ತಾಳ ಸರಿ. ಎಡಗಡೆ ಬರೆಯುವುದಕ್ಕೆ ಏನೂ ಸಿಗಲಿಲ್ಲ. ಅತ್ತೆ ಸೋಫಾದಿಂದ ಅಂದರು: ‘ಆ ಮಗು ಹೊಟ್ಟೆಗೇನೂ ತಿಂದಿಲ್ಲ ಕಣೇ.’ ನಾನು ನಕ್ಕೆ. ರಾತ್ರಿ ಇಯರ್‌ಫೋನ್ ಹಾಕಿ ಕೇಳಿದರೆ, ಎರಡನೇ ಚರಣದಿಂದ ಪ್ರತಿ ಸಾಲಿನ ಕೊನೆಯ ಅಕ್ಷರವೂ ಅರ್ಧಕ್ಕೇ ನಿಲ್ಲುತ್ತಿದೆ. ಸೆಕೆಂಡು ಬರೆದುಕೊಂಡೆ. ಪಕ್ಕದಲ್ಲಿ ‘ಅತ್ತೆ’ ಅಂತ ಬರೆದೆ.